ಪಂಚಮಿಯ ತಾರೀಖು

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕಾಲುಗಳು ಊದಿ ಚಪ್ಪಲಿ ಹಿಡಿಸದಂತಾಗಿದ್ದವು. ರಾಯಚೂರಿನಲ್ಲಿ ಮೂರು ವರ್ಷ ನರ್ಸಿಂಗ್ ಓದಿ, ಬಿಳಿ ಕೋಟು ತೊಟ್ಟು ಫೋಟೋ ತೆಗೆಸಿಕೊಂಡು, ಅದನ್ನು ದೇವದುರ್ಗ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಬಂದವಳು ನಾನು. ಬಂದ ಮೇಲೆ ಮಾಡಿದ್ದು ಬಹುಪಾಲು ಫಿನಾಯಿಲ್ ಹಾಕಿ ನೆಲ ಒರೆಸುವುದು, ರಕ್ತದ ಬಟ್ಟೆ ನೆನೆಹಾಕುವುದು, ಬೆಡ್‌ಪ್ಯಾನ್ ಎತ್ತುವುದು. ಮಾನ್ವಿಯ ಆ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಆಯಾ ಬರದ ದಿನ ನರ್ಸೇ ಆಯಾ. ಆ ಆಸ್ಪತ್ರೆ ಈಗ ಇಲ್ಲ. ಇದ್ದಿದ್ದರೂ ನಾನು ಹೆಸರು ಹೇಳುತ್ತಿರಲಿಲ್ಲ, ಯಾಕೆಂದರೆ ಇಲ್ಲಿ ಹೇಳಲು ಹೊರಟ ತಪ್ಪು ಆಸ್ಪತ್ರೆಯದಲ್ಲ, ನನ್ನದು.

ನೆಲ ಒರೆಸುವುದಕ್ಕೆ ನನಗೇನೂ ಬೇಜಾರಿರಲಿಲ್ಲ. ಕುರಿಹಟ್ಟಿ ಬಳಿದು ಬೆಳೆದವಳಿಗೆ ಫಿನಾಯಿಲ್ ವಾಸನೆ ಅತ್ತರಿದ್ದಂತೆ. ಬೇಜಾರಾಗುತ್ತಿದ್ದುದು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದಕ್ಕೆ. ವಾರ್ಡಿನ ಯಜಮಾನಿಕೆ ದೊಡ್ಡ ಸಿಸ್ಟರದು. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ಹೆಂಗಸು. ಮಾತು ಕಡಿಮೆ, ಬೈಗುಳ ಹೆಚ್ಚು. ನಾನು ಗ್ಲೌಸು ಹಾಕಿಕೊಂಡರೆ, "ಕೈ ತೊಳಿದೇನಬೇ ಮದಲ?" ಎನ್ನುತ್ತಿದ್ದರು. ಕೈ ತೊಳೆದು ನಿಂತರೆ, "ಪೂಜಾಕ ನಿಂತೀಯೇನು? ಹಿಡಿ ಆಕಿ ಕಾಲು," ಎನ್ನುತ್ತಿದ್ದರು. ಡಾಕ್ಟರಮ್ಮ ಮೈಸೂರು ಕಡೆಯವರು. ಒಳ್ಳೆಯವರು, ಆದರೆ ನಮ್ಮ ಹೆಂಗಸರ ಮಾತು ಅವರ ಕಿವಿಗೆ ಹತ್ತುತ್ತಿರಲಿಲ್ಲ.

ಆ ಹತ್ತದ ಮಾತೇ ನನ್ನ ದಾರಿಯಾಯಿತು.

ಬಸುರಿ ಹೆಂಗಸು ಮೊದಲ ಸಲ ಬಂದಾಗ ಕೇಳುವ ಪ್ರಶ್ನೆ ಒಂದೇ: ಕಡೆಯ ಸಲ ಮುಟ್ಟಾದದ್ದು ಯಾವಾಗ? ಆ ದಿನದಿಂದ ನಲವತ್ತು ವಾರ ಎಣಿಸಿ ಹೆರಿಗೆಯ ತಾರೀಖು ಬರೆಯುತ್ತೇವೆ. ಮುಂದಿನದೆಲ್ಲ, ಚುಚ್ಚುಮದ್ದು, ಸ್ಕ್ಯಾನು, ನೋವು ಬರಿಸುವುದೋ ಕಾಯುವುದೋ ಎಂಬ ತೀರ್ಮಾನ, ಆ ಒಂದು ತಾರೀಖಿನ ಮೇಲೆ ನಿಂತಿರುತ್ತದೆ. ಡಾಕ್ಟರಮ್ಮ, "ತಾರೀಖು ಹೇಳಮ್ಮ," ಎಂದರೆ ನಮ್ಮ ಹೆಂಗಸರು ಸೀರೆಯ ಸೆರಗು ನೋಡುತ್ತಿದ್ದರು. ನಾನು ಪಕ್ಕಕ್ಕೆ ಕರೆದು, "ತಲಿಮ್ಯಾಲ ನೀರು ಹಾಕ್ಕೊಂಡಿದ್ದು ಯಾವಾಗಬೇ?" ಎಂದರೆ ಪಟಪಟನೆ ಹೇಳುತ್ತಿದ್ದರು. "ಎಳ್ಳಮಾಸಿ ಆದ ಮೂರು ದಿನಕ್ಕರಿ." "ಅಲಾಯಿ ದೇವರು ಹೊಳಿಗಿ ಹೋದ ಮರುದಿನರಿ," ಎಂದರೆ ಮೊಹರಂ ಮುಗಿದ ಮರುದಿನ. ಅವರಿಗೆ ದಿನ ಗೊತ್ತಿಲ್ಲ ಎಂದು ಯಾರು ಹೇಳಿದರು? ದಿನ ಗೊತ್ತಿತ್ತು, ನಮ್ಮ ತಾರೀಖು ಗೊತ್ತಿರಲಿಲ್ಲ, ಅಷ್ಟೇ.

ಹಬ್ಬವನ್ನು ತಾರೀಖು ಮಾಡುವ ವಿದ್ಯೆ ನನಗೆ ಅಜ್ಜಿಯಿಂದ ಬಂದದ್ದು. ಅಜ್ಜಿ ಕುರಿ ಈಯುವ ದಿನವನ್ನು ಬೆರಳ ಗೆಣ್ಣುಗಳ ಮೇಲೆ ಅಮಾವಾಸ್ಯೆ ಎಣಿಸಿ ಹೇಳುತ್ತಿದ್ದಳು, ಒಂದೆರಡು ದಿನ ಹಿಂದುಮುಂದಾದರೆ ಹೆಚ್ಚು. ನಾನೂ ಹಾಗೆ ಹೆಬ್ಬೆರಳನ್ನು ಗೆಣ್ಣಿನ ಮೇಲೆ ಓಡಿಸಿ ತಾರೀಖು ಹೇಳತೊಡಗಿದೆ. ಡಾಕ್ಟರಮ್ಮನಿಗೆ ಅದು ಚೋದ್ಯವಾಯಿತು. "ನಮ್ಮ ಪಂಚಾಂಗ ಎಲ್ಲಿ? ಕರೀರಿ ಅವಳನ್ನ," ಎನ್ನತೊಡಗಿದರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ನಾನು ಆ ವಾರ್ಡಿಗೆ ಗೌಡತಿಯಾದೆ. ದೊಡ್ಡ ಸಿಸ್ಟರ್ ಮಾತ್ರ ಒಮ್ಮೆ, "ಬರಕೊಂಡು ನೋಡಬೇ, ಬಾಯಿಲೆಕ್ಕ ಚಲೋ ಅಲ್ಲ," ಎಂದಿದ್ದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನ ಹಳೆಯದನ್ನು ಕೆಳಗಿಳಿಸಿ, ಹಾಳೆ ಬಿಡಿಸಿ, ಔಷಧಿ ಕಪಾಟಿನ ಹಲಗೆಗಳ ಮೇಲೆ ನಾನೇ ಹಾಸಿ, ಮೇಲೆ ಬಾಟಲಿಗಳನ್ನು ಜೋಡಿಸಿದೆ. ಎರಡು ದಿನ ಬಿಟ್ಟು ಡಾಕ್ಟರಮ್ಮ, "ಹೋದ ವರ್ಷದ ಹಬ್ಬಗಳದ್ದೆಲ್ಲ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿಬಿಡು, ನೀನಿಲ್ಲದಾಗಲೂ ಬೇಕಾಗುತ್ತೆ," ಎಂದರು. ಕುಳಿತು ಒಂದೇ ಉಸಿರಿಗೆ ಬರೆದೆ. ಚೌತಿ, ದಸರೆ, ದೀಪಾವಳಿಗೆ ಹಾಸ್ಟೆಲಿಗೆ ರಜೆ ಇದ್ದದ್ದರಿಂದ ಆ ತಾರೀಖುಗಳು ನೆನಪಿದ್ದವು. ಉಳಿದವನ್ನು ಗೆಣ್ಣಿನ ಮೇಲೆ ಎಣಿಸಿದೆ. ಮಣ್ಣೆತ್ತಿನ ಅಮಾವಾಸ್ಯೆ, ಅದಾದ ಮೇಲಿನ ಅಮಾವಾಸ್ಯೆ, ಅದಾದ ಐದನೆಯ ದಿನಕ್ಕೆ ನಾಗರಪಂಚಮಿ. ಜುಲೈ ತಿಂಗಳಿಗೆ ಬಂತು. ಜುಲೈ ಎಂದು ಬರೆದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಬಾಟಲಿ ಎತ್ತಿ ಹಲಗೆಯ ಮೇಲಿನ ಹಾಳೆ ನೋಡಬಹುದಿತ್ತು. ಮೊಬೈಲು ಕೋಟಿನ ಜೇಬಿನಲ್ಲೇ ಇತ್ತು, ಒತ್ತಿ ನೋಡಬಹುದಿತ್ತು. ನೋಡಲಿಲ್ಲ. ಪಂಚಾಂಗ ಎನಿಸಿಕೊಂಡವಳು ಕ್ಯಾಲೆಂಡರ್ ಯಾಕೆ ನೋಡುತ್ತಾಳೆ?

ಸಂಕ್ರಾಂತಿಯ ವಾರ ಆಕೆ ಬಂದಳು. ಪೋತ್ನಾಳದಿಂದ ಒಳಗೆ ಒಂದು ಹಳ್ಳಿ. ನನಗಿಂತ ಎರಡು ವರ್ಷ ಚಿಕ್ಕವಳು, ತೆಳ್ಳಗೆ, ಅಂಗೈಯೆಲ್ಲ ಸಿಮೆಂಟು ತಿಂದು ಒಡೆದಿತ್ತು. ಪಂಚಮಿ ಮುಗಿಸಿ ಗಂಡನ ಜೊತೆ ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದವಳು, ಬಸಿರು ಕಾಣತೊಡಗಿದ ಮೇಲೆ ಒಬ್ಬಳೇ ವಾಪಸು ಬಂದಿದ್ದಳು. ಜೊತೆಗೆ ಅತ್ತೆ ಇದ್ದಳು. ಚೊಚ್ಚಲು ಬಸಿರು ತವರಿಗೆ ಹೋಗಬೇಕು, ಆದರೆ ತವರಿನಲ್ಲಿ ತಾಯಿ ಇರಲಿಲ್ಲ, ಅಣ್ಣ ಅತ್ತಿಗೆ ಮಾತ್ರ. ಹಾಗಾಗಿ ಅತ್ತೆಯೇ ಕರೆತಂದಿದ್ದಳು. ಅಲ್ಲಿಯವರೆಗೆ ಒಂದು ಸ್ಕ್ಯಾನೂ ಆಗಿರಲಿಲ್ಲ.

"ಎಷ್ಟು ತಿಂಗಳಬೇ?" ಎಂದೆ.

"ಐದು ಅಂತೀನ್ರಿ ಅಕ್ಕಾ. ಈಗೀಗ ಮಿಸುಕಾಡಾಕತ್ತದ."

"ನೀರು ಹಾಕ್ಕೊಂಡಿದ್ದು ಯಾವಾಗ?"

ಆಕೆ ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಪಂಚಮಿ ದಿನಾನ ಹೊರಗಾಗಿದ್ನಿರಿ. ಅಣ್ಣ ಕರಿಯಾಕ ಬಂದಿದ್ದ, ತವರಿಗಿ ಹೋಗಿದ್ದೆ. ನಾಗಪ್ಪಗ ಹಾಲು ಹಾಕಾಕ ಆಗಲಿಲ್ರಿ, ಹೊರಗ ಕುಂತಿದ್ದೆ. ಅದಕ್ಕ ನೆನಪದ."

ತಗ್ಗಿಸಿದ ದನಿಯೂ ಅತ್ತೆಗೆ ಕೇಳಿಸಿತು. "ಹಾಲು ಹಾಕಿ ಬಂದೀನಿ ಅಂದಿದ್ದೆಲ್ಲಬೇ ನನ್ನ ಮುಂದ?" ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ಖಚಿತವಾದ ದಿನ ಸಿಕ್ಕಿತಲ್ಲ ಎಂಬ ಖುಷಿ ನನ್ನದು. ಗೋಡೆಯ ಪಟ್ಟಿ ನೋಡಿ ಆಕೆಯ ಕಾರ್ಡಿನಲ್ಲಿ ಜುಲೈ ತಿಂಗಳ ತಾರೀಖು ಬರೆದು, "ಐದಲ್ಲ, ಆರು ನಡದದ," ಎಂದೆ.

"ಹೌದೇನ್ರಿ?" ಎಂದಳು. "ಇದ್ದೀತ್ರಿ. ನಿಮಗ ತಿಳಿತದ."

ಆಮೇಲೆ ಆಕೆ ತಿಂಗಳಿಗೊಮ್ಮೆ ತಪ್ಪದೆ ಬಂದಳು. ಬಂದಾಗಲೆಲ್ಲ ನನ್ನನ್ನೇ ಹುಡುಕುತ್ತಿದ್ದಳು, ನಾನು ಬೇರೆ ಕೆಲಸದಲ್ಲಿದ್ದರೆ ಬೆಂಚಿನ ಮೇಲೆ ಕಾದು ಕೂರುತ್ತಿದ್ದಳು. ಒಮ್ಮೆ ಸೆರಗಿನಲ್ಲಿ ಹಸಿ ಕಡಲೆಗಿಡ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟಳು. ಊರಿಗೆ ಹೊಸಬಳಾಗಿ, ಸಣ್ಣ ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಇದ್ದ ನನಗೆ ಮಾನ್ವಿಯಲ್ಲಿ ನನ್ನವರು ಎಂದು ಅನಿಸಿದ್ದು ಆಕೆಯೊಬ್ಬಳೇ.

ಮಾರ್ಚಿನಲ್ಲಿ ಡಾಕ್ಟರಮ್ಮ ರಾಯಚೂರಿಗೆ ಸ್ಕ್ಯಾನಿಗೆ ಬರೆದುಕೊಟ್ಟರು. ವರದಿ ಬಂತು: ಕಾರ್ಡಿನ ಲೆಕ್ಕಕ್ಕಿಂತ ಕೂಸಿನ ಅಳತೆ ನಾಲ್ಕು ವಾರ ಕಡಿಮೆ. ಡಾಕ್ಟರಮ್ಮ ವರದಿ ಮತ್ತು ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು.

"ಈ ತಾರೀಖು ಖಚಿತವಾ?"

"ಖಚಿತ ಮೇಡಂ. ಹಬ್ಬದ ದಿನವೇ ಆಗಿದ್ದು. ಆಕಿಗೆ ಚೆನ್ನಾಗಿ ನೆನಪಿದೆ."

ಆ ಮಾತನ್ನು ನಾನು ಈಗಲೂ ಒಮ್ಮೊಮ್ಮೆ ಒಬ್ಬಳೇ ಇರುವಾಗ ಬಾಯಿಬಿಟ್ಟು ಹೇಳಿ ನೋಡುತ್ತೇನೆ. ಅದರಲ್ಲಿ ಒಂದು ಪದವೂ ಸುಳ್ಳಿಲ್ಲ. ಆಕೆಗೆ ಚೆನ್ನಾಗಿಯೇ ನೆನಪಿತ್ತು.

ತಾರೀಖು ಸರಿ ಎಂದ ಮೇಲೆ ಉಳಿದ ಅರ್ಥ ಒಂದೇ, ಕೂಸು ಹೊಟ್ಟೆಯಲ್ಲಿ ಸೊರಗುತ್ತಿದೆ. ನಾನು ಆಕೆಯನ್ನು ಬೈದೆ. "ಸರಿಯಾಗಿ ಉಣ್ಣಂಗಿಲ್ಲೇನು? ಕೂಸು ಬೆಳದಿಲ್ಲ ನೋಡು," ಎಂದೆ. ಅತ್ತೆ, "ನಾವೇನು ಉಪವಾಸ ಹಾಕೀವೇನವ್ವಾ, ದಿನಾ ಎರಡು ತತ್ತಿ ಕೊಡ್ತೀನಿ," ಎಂದಳು. ಸೊಸೆ ಮಾತ್ರ ತಪ್ಪು ಒಪ್ಪಿಕೊಂಡವಳಂತೆ ತಲೆಯಾಡಿಸಿದಳು. "ಇನ್ನ ಜಾಸ್ತಿ ಉಣ್ತೀನ್ರಿ ಅಕ್ಕಾ. ವಾಂತಿ ಆದ್ರೂ ಉಣ್ತೀನಿ."

ಯುಗಾದಿ ಮುಗಿದ ವಾರ ಕಾರ್ಡಿನ ಪ್ರಕಾರ ಮೂವತ್ತೆಂಟು ವಾರ ತುಂಬಿದವು. ಸೊರಗಿದ ಕೂಸನ್ನು ಇನ್ನೂ ಒಳಗಿಟ್ಟುಕೊಂಡು ಕೂರುವುದು ಅಪಾಯ ಎಂದು ಡಾಕ್ಟರಮ್ಮ ನೋವು ಬರಿಸುವ ತೀರ್ಮಾನ ಮಾಡಿದರು. ಲೆಕ್ಕ ಸರಿಯಿದ್ದಿದ್ದರೆ ಆ ತೀರ್ಮಾನವೂ ಸರಿಯೇ. ಬೆಳಿಗ್ಗೆ ಆಕೆಯನ್ನು ಮಲಗಿಸಿ ಔಷಧಿ ಇಟ್ಟರು, ಆಮೇಲೆ ಡ್ರಿಪ್ ಹಚ್ಚಿದೆವು. ರಾಯಚೂರು ಸೀಮೆಯ ಆ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಫ್ಯಾನು ತಿರುಗಿ ತಿರುಗಿ ಕಾದ ಗಾಳಿಯನ್ನೇ ಮುಖಕ್ಕೆ ಹೊಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೋವು ಜೋರಾದಾಗ ಡಾಕ್ಟರಮ್ಮ ಒಳಗೆ ಬೇರೊಬ್ಬಳ ಆಪರೇಷನ್ನಿನಲ್ಲಿದ್ದರು, ದೊಡ್ಡ ಸಿಸ್ಟರೂ ಅಲ್ಲೇ. ಹೆರಿಗೆ ಕೋಣೆಯಲ್ಲಿ ನಾನೊಬ್ಬಳೇ.

"ಕೈ ಬಿಡಬ್ಯಾಡ್ರಿ ಅಕ್ಕಾ," ಎಂದಳು.

"ಕೈ ಹಿಡಕೊಂಡ್ರ ಕೂಸಿಗೆ ಹಿಡಿಯವರ್ಯಾರಬೇ?" ಎಂದು ನಗಿಸಲು ನೋಡಿದೆ. ನಕ್ಕಳೂ ಸಹ. ಅದು ನಾನು ಯಾರ ನೆರವೂ ಇಲ್ಲದೆ ಹಿಡಿದ ಮೊದಲ ಕೂಸು. ತಲೆ ಬಂತು, ಹೆಗಲು ತಿರುಗಿತು, ಕಾಲೇಜಿನ ಗೊಂಬೆಯ ಮೇಲೆ ನೂರು ಸಲ ಮಾಡಿದಂತೆಯೇ ಎಲ್ಲ ಆಯಿತು. ಹೆಣ್ಣು ಕೂಸು. ಸಣ್ಣಗೆ ಅತ್ತಿತು. ಹೊಕ್ಕುಳಬಳ್ಳಿ ಕತ್ತರಿಸಿ, ಒರೆಸಿ, ಬೆಚ್ಚಗಿನ ಬಟ್ಟೆಯಲ್ಲಿ ಸುತ್ತುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅಜ್ಜಿಗೆ ಫೋನ್ ಮಾಡಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಆಗ ಅದರ ಕಾಲು ಬಟ್ಟೆಯಿಂದ ಹೊರಗೆ ಚಾಚಿತು.

ದಿನ ತುಂಬಿದ ಕೂಸಿನ ಅಂಗಾಲಿನಲ್ಲಿ ಹಿಮ್ಮಡಿಯವರೆಗೂ ಗೆರೆಗಳಿರುತ್ತವೆ. ಹೊಟ್ಟೆಯಲ್ಲಿ ಊಟ ಸಾಲದೆ ಸೊರಗಿದ ಕೂಸೇ ಆದರೂ, ದಿನ ತುಂಬಿದ್ದರೆ ಗೆರೆ ಇದ್ದೇ ಇರುತ್ತವೆ. ಪರೀಕ್ಷೆಯಲ್ಲಿ ಇದಕ್ಕೆ ನಾನು ಪೂರ್ತಿ ಉತ್ತರ ಬರೆದಿದ್ದೆ. ಈ ಕೂಸಿನ ಅಂಗಾಲಿನಲ್ಲಿ ಬೆರಳ ಬುಡಕ್ಕೆ ಒಂದೆರಡು ಗೆರೆ, ಆಮೇಲೆ ಹಿಮ್ಮಡಿಯವರೆಗೆ ಏನೂ ಇರಲಿಲ್ಲ. ಕಿವಿಯನ್ನು ಮೆಲ್ಲಗೆ ಮಡಚಿದೆ. ಮಡಚಿದಂತೆಯೇ ಉಳಿಯಿತು, ತಟ್ಟನೆ ಬಿಚ್ಚಿಕೊಳ್ಳಲಿಲ್ಲ. ಹೆಗಲ ಮೇಲೆ ನವಿರಾದ ಕೂದಲಿತ್ತು. ಇದು ಸೊರಗಿದ ಕೂಸಲ್ಲ, ತಿಂಗಳಿಗೂ ಮುಂಚೆ ನಾವು ಎಳೆದು ತೆಗೆದ ಕೂಸು ಎಂದು ನನ್ನ ಕೈಗಳಿಗೆ ಮೊದಲು ಗೊತ್ತಾಯಿತು. ಅಷ್ಟರಲ್ಲಿ ಅದು ಉಸಿರಿಗೊಮ್ಮೆ ನರಳತೊಡಗಿತ್ತು, ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿತ್ತು.

ಡಾಕ್ಟರಮ್ಮ ಬಂದು ನೋಡಿ ಕೂಡಲೇ ರಾಯಚೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ನಾನೂ ಅತ್ತೆಯೂ ಹೋದೆವು. ದಾರಿಯುದ್ದಕ್ಕೂ ಆಮ್ಲಜನಕದ ಪುಟ್ಟ ಮಾಸ್ಕು ಹಿಡಿದು ಕುಳಿತಿದ್ದೆ. ಕೂಸು ನನ್ನ ಕಡೆಯೇ ನೋಡುತ್ತಿರುವಂತೆ ಕಾಣುತ್ತಿತ್ತು. ಹುಟ್ಟಿದ ಕೂಸಿಗೆ ಅಷ್ಟು ದೂರ ಕಣ್ಣು ಕಾಣುವುದಿಲ್ಲ ಎಂದು ಓದಿದ್ದೇನೆ, ಆದರೂ ನಾನು ಮುಖ ತಿರುಗಿಸಿದೆ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡರು. ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ನಾನು ಬಸ್ಸು ಹಿಡಿದು ಸಂಜೆಗೆ ಮಾನ್ವಿಗೆ ಬಂದೆ.

ಬಂದವಳೇ ಬಾಣಂತಿಯ ಹಾಸಿಗೆ ಹತ್ತಿರ ಹೋದೆ. ಕೂಸು ಹೇಗಿದೆ ಎಂದು ಕೇಳಿದಳು. ನೋಡ್ತಾ ಇದ್ದಾರೆ ಎಂದೆ. ಆಮೇಲೆ, ಯಾವುದೋ ಬೇರೆ ಮಾತು ಎಂಬಂತೆ, "ಪಂಚಮಿಗಿ ಅಣ್ಣ ಬಂದಾಗ ಮಳಿ ಇತ್ತೇನು?" ಎಂದೆ.

"ಇತ್ರಿ. ಅದಕ್ಕ ಮದಲಾ ಒಂದು ಸಲ ಬಂದಿದ್ದ ಅಣ್ಣ. ಈ ವರ್ಷ ಅಧಿಕ ಬಂದದ, ಪಂಚಮಿ ಇನ್ನ ಒಂದು ಅಮಾಸಿ ಮುಂದ ಹೋಗ್ಯಾದ ಅಂತ ಅತ್ತಿ ತಿರುಗಿ ಕಳಿಸಿದ್ಲು."

ಅಧಿಕ ಮಾಸ. ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬಂದು ಮುಂದಿನ ಹಬ್ಬಗಳನ್ನೆಲ್ಲ ತಳ್ಳುತ್ತದೆ. ಆ ಪಂಚಮಿಗೆ ನಾನು ಊರಿಗೆ ಹೋಗಿರಲಿಲ್ಲ. ಕೊನೆಯ ವರ್ಷದ ಪರೀಕ್ಷೆಗೆ ಹಾಸ್ಟೆಲಿನಲ್ಲಿ ಕುಳಿತು ಹುಟ್ಟಿದ ಕೂಸಿನ ಅಂಗಾಲಿನ ಗೆರೆಗಳ ಬಗ್ಗೆ ಬಾಯಿಪಾಠ ಮಾಡುತ್ತಿದ್ದೆ. ಕಪಾಟಿಗೆ ಹೋಗಿ ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದೆ. ಮೂರನೆಯ ಹಲಗೆಯಲ್ಲಿ, ಕೆಮ್ಮಿನ ಔಷಧಿಯ ಜಿಗುಟಿನ ಕೆಳಗೆ, ಆಗಸ್ಟ್ ತಿಂಗಳ ಹಾಳೆ. ಅದರಲ್ಲಿ ನಾಗರಪಂಚಮಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಗೋಡೆಯ ಪಟ್ಟಿಯನ್ನು ಮತ್ತೆ ನೋಡಿದೆ. ಪಂಚಮಿಗೂ ಚೌತಿಗೂ ನಡುವೆ ಎರಡು ತಿಂಗಳ ಅಂತರ. ನಮ್ಮೂರಿನ ಯಾವ ಮುದುಕಿಗೆ ಓದಿ ಹೇಳಿದ್ದರೂ ನಕ್ಕುಬಿಡುತ್ತಿದ್ದಳು. ಮೂರೂವರೆ ತಿಂಗಳು ಅದು ಎಲ್ಲರ ಕಣ್ಣೆದುರಿಗೆ ನೇತಾಡುತ್ತಿತ್ತು.

ಅಜ್ಜಿಗೆ ಫೋನ್ ಮಾಡಿದೆ. ಹೋದ ವರ್ಷ ಅಧಿಕ ಬಂದಿತ್ತಾ ಎಂದು ಕೇಳಿದೆ. "ಬಂದಿತ್ತಲ್ಲವ್ವಾ. ಯಾಕ, ನಿನಗ ಗೊತ್ತಿಲ್ಲೇನು?" ಎಂದಳು. ಆಕೆ ಅಧಿಕ ಬಂದ ವರ್ಷ ಒಂದು ಗೆಣ್ಣು ಬಿಟ್ಟು ಎಣಿಸುತ್ತಿದ್ದುದು ಆಗ ನೆನಪಾಯಿತು. ಚಿಕ್ಕವಳಿದ್ದಾಗ ಯಾಕೆ ಬಿಟ್ಟೆ ಎಂದು ಕೇಳಿದ್ದೆನೋ ಇಲ್ಲವೋ. ಅರ್ಧ ಕಲಿತು ಪೂರ್ತಿ ಮೆರೆದಿದ್ದೆ.

ರಿಜಿಸ್ಟರ್ ತೆಗೆದು ಪಂಚಮಿಯ ಲೆಕ್ಕದ ಮೇಲೆ ಬರೆದವರನ್ನು ಹುಡುಕಿದೆ. ಇನ್ನಿಬ್ಬರಿದ್ದರು. ಒಬ್ಬಳಿಗೆ ಮೊದಲೇ ಆಗಿದ್ದ ಸ್ಕ್ಯಾನಿನ ಪ್ರಕಾರ ತಾರೀಖು ತಿದ್ದಲಾಗಿತ್ತು. ಇನ್ನೊಬ್ಬಳ ಕಾರ್ಡನ್ನು ಅಲ್ಲೇ ತಿದ್ದಿದೆ. ಪಟ್ಟಿಯನ್ನು ಗೋಡೆಯಿಂದ ಕಿತ್ತೆ. ಮೂರನೆಯ ದಿನ ಮಧ್ಯಾಹ್ನ ಅತ್ತೆ ರಾಯಚೂರಿನಿಂದ ಮಾನ್ವಿಯ ಬಸ್ಸಿಳಿದು ಆಸ್ಪತ್ರೆಗೆ ನಡೆದು ಬಂದಳು. ಎದೆಗೆ ಟವೆಲಿನ ಗಂಟೊಂದನ್ನು ಅವುಚಿಕೊಂಡಿದ್ದಳು. ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೂಸು ಮಲಗಿದೆ ಎಂದುಕೊಂಡು ಒಬ್ಬರು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರಂತೆ.

ತಾಯಿ ಕೂಸಿನ ಮುಖ ನೋಡಿದ್ದು ಆಗಲೇ ಮೊದಲು. ಅಳಲಿಲ್ಲ. ಅದರ ತಲೆಯ ಮೇಲೆ ಕೈಯಾಡಿಸಿ, "ಎಷ್ಟು ಕೂದಲಾ ಅದಾವ್ರಿ ಅಕ್ಕಾ," ಎಂದಳು.

ಅತ್ತೆ ಅಂದೇ ಕಾರಣ ಕಂಡುಹಿಡಿದಿದ್ದಳು. ಹಾಸಿಗೆಯ ಕಾಲಿನ ಕಡೆ ನಿಂತು, ಸಿಟ್ಟಿಲ್ಲದೆ, ಬರೀ ದಣಿದ ದನಿಯಲ್ಲಿ ಹೇಳಿದಳು. "ಪಂಚಮಿ ದಿನ ಹೊರಗಾಗಿ ಕುಂತಾಕಿ, ನನ್ನ ಮುಂದ ಹಾಲು ಹಾಕೀನಿ ಅಂತ ಸುಳ್ಳಾಡಿದಿ. ನಾಗಪ್ಪ ಬಿಟ್ಟಾನೇನು?" ಆ ಸಂಗತಿ ಆಕೆಗೆ ತಿಳಿದದ್ದು ನನ್ನ ಮೇಜಿನ ಮುಂದೆ, ನನ್ನ ಪ್ರಶ್ನೆಯಿಂದ. ಕೂಸನ್ನೂ ನಾನೇ ಕಳೆದೆ, ಕಳೆದದ್ದಕ್ಕೆ ಕಾರಣವನ್ನೂ ನಾನೇ ಒದಗಿಸಿಕೊಟ್ಟಿದ್ದೆ.

ದೊಡ್ಡ ಸಿಸ್ಟರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಬೈದರೆ ಒಂದಿಷ್ಟು ಹಗುರಾದೀತು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಸ್ಟೂಲ್ ಎಳೆದು ಕುಳಿತು, "ಡಾಕ್ಟರಿಗೆ ನಾ ಹೇಳ್ತೀನಿ. ಹೊರಗ ಬಾಯಿ ಬಿಡಬ್ಯಾಡ," ಎಂದರು. "ಮಂದಿ ಬಂದು ಕಲ್ಲು ಒಗಿತಾರ. ಒಗದ್ರ ಕೂಸು ಬರ್ತದೇನು? ನಾಳಿ ಇಲ್ಲಿ ಹಡಿಯಾಕ ಬರಾಕಿ ಎಲ್ಲಿಗಿ ಹೋಗ್ಬೇಕು?"

"ನೀವು ಬರಕೊಂಡು ನೋಡು ಅಂದಿದ್ರಿ," ಎಂದೆ.

"ಅಂದಿದ್ದೆ. ನಾನೂ ಆ ಪಟ್ಟಿ ದಿನಾ ನೋಡ್ತಿದ್ದೆ. ನನ್ನ ಕಣ್ಣಿಗೆ ಬಿತ್ತೇನು?" ಎಂದು ಎದ್ದು ಹೋದರು.

ಮರುದಿನದಿಂದ ಡಾಕ್ಟರಮ್ಮ ನನ್ನನ್ನು ಪಂಚಾಂಗ ಎನ್ನಲಿಲ್ಲ, ಸಿಸ್ಟರ್ ಎಂದರು. ಅಷ್ಟೇ ಶಿಕ್ಷೆ. ನನಗೋ ಕುಂಬಳಕಾಯಿ ಕಳ್ಳನ ಪಾಡು. ಎಲ್ಲಿ ಇಬ್ಬರು ನಿಂತು ಮಾತಾಡಿದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕೆಲಸ ಮಾತ್ರ ಮೊದಲಿಗಿಂತ ಚೆನ್ನಾಗಿ ಮಾಡುತ್ತಿದ್ದೆ, ಅದೇ ನನಗೆ ಅಸಹ್ಯವಾಗುತ್ತಿತ್ತು. ಪ್ರತಿ ತಾರೀಖನ್ನು ಮೂರು ಸಲ ನೋಡುತ್ತಿದ್ದೆ. ಸೂಜಿ ಚುಚ್ಚಿದರೆ ಹೆಂಗಸರು, "ನಿಮ್ಮ ಕೈ ಭಾಳ ಹಗುರ ಅದರಿ," ಎನ್ನುತ್ತಿದ್ದರು. ಒಂದು ಕೂಸನ್ನು ಕೊಟ್ಟು ಈ ಹಗುರವಾದ ಕೈ ಕಲಿತೆನಲ್ಲ ಎನಿಸುತ್ತಿತ್ತು.

ಕಾರಹುಣ್ಣಿಮೆ ಮುಗಿದ ವಾರ ತಡೆಯಲಾರದೆ ಒಂದು ದಿನ ರಜೆ ಹಾಕಿ ಪೋತ್ನಾಳದ ಬಸ್ಸು ಹತ್ತಿದೆ. ನಾಗಪ್ಪನ ಮೇಲಿನ ಆಪಾದನೆಯನ್ನಾದರೂ ಇಳಿಸಿ ಬರೋಣ, ಆಕೆಯ ತಲೆಯ ಮೇಲಿನ ಆ ಭಾರವನ್ನಾದರೂ ನನ್ನ ತಲೆಗೆ ತೆಗೆದುಕೊಳ್ಳೋಣ ಎಂದು. ಬಯ್ದರೆ ಬಯ್ಯಲಿ, ಹೊಡೆದರೆ ಹೊಡೆಯಲಿ. ಪೋತ್ನಾಳದಲ್ಲಿ ಇಳಿದು ಟಂಟಂ ಆಟೋ ಹಿಡಿದು ಒಳಗಿನ ಹಳ್ಳಿಗೆ ಹೋದೆ. ಮೊದಲ ಮಳೆ ಬಿದ್ದಿತ್ತು. ಮನೆಯ ಮುಂದೆ, ಬೇವಿನ ಗಿಡದ ಬುಡದಲ್ಲಿ, ಹೊಸದಾಗಿ ಕೆತ್ತಿಸಿದ ನಾಗರಕಲ್ಲೊಂದನ್ನು ಒರಗಿಸಿ ಇಟ್ಟಿದ್ದರು. ಈ ಸಲದ ಪಂಚಮಿಗೆ ನಿಲ್ಲಿಸುತ್ತೇವೆ, ಅಲ್ಲಿಯವರೆಗೆ ಸೊಸೆ ದಿನಾ ನೀರು ಹಾಕಬೇಕು ಎಂದು ಅತ್ತೆ ಹೇಳಿದಳು. ಇಷ್ಟು ದೂರ ನೋಡಲು ಬಂದೆನಲ್ಲ ಎಂದು ಆಕೆಗೆ ಹಿಗ್ಗು. ಮಜ್ಜಿಗೆ ತರಲು ಒಳಗೆ ಹೋದಳು.

ನಾವಿಬ್ಬರೇ ಉಳಿದಾಗ ನಾನು ಹೇಳಿದೆ. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಹಾರಿಹೋಗಿ, "ನಾಗಪ್ಪ ಏನೂ ಮಾಡಿಲ್ಲಬೇ. ನಾನು ತಾರೀಖು ತಪ್ಪು ಬರದೆ. ಅಧಿಕ ಮಾಸ ಮರತೆ. ನೀ ಐದು ತಿಂಗಳು ಅಂದಿದ್ದು ಖರೇ ಇತ್ತು. ಕೂಸಿಗಿ ದಿನ ತುಂಬಿರಲಿಲ್ಲ," ಎಂದಷ್ಟೇ ಬಂತು.

ಆಕೆ ನನ್ನ ಮುಖ ನೋಡಲಿಲ್ಲ. ಒಡೆದ ಅಂಗೈಯಿಂದ ಅಂಗಳದ ಮಣ್ಣು ಸವರಿದಳು. ಒಳಗೆ ಅತ್ತೆ ಮಜ್ಜಿಗೆ ಕಡೆಯುವ ಸದ್ದು ಕೇಳಿಸುತ್ತಿತ್ತು.

"ನಾ ಉಂಡಿದ್ದು ಕಡಿಮಿ ಆಗಿದ್ದಿಲ್ಲ ಹಂಗಾರ," ಎಂದಳು.

"ಇಲ್ಲ. ನಿನ್ನದು ಏನೂ ತಪ್ಪಿಲ್ಲ. ಅತ್ತಿಗಿ ನಾ ಹೇಳ್ತೀನಿ. ಅದಕ್ಕ ಬಂದೀನಿ."

ಆಗ ನನ್ನ ಮೊಣಕೈ ಹಿಡಿದಳು. ಹೆರಿಗೆಯ ದಿನ ಹಿಡಿದಷ್ಟೇ ಗಟ್ಟಿಯಾಗಿ. "ಹೇಳಬ್ಯಾಡ್ರಿ ಅಕ್ಕಾ. ದವಾಖಾನಿಯವರು ತಪ್ಪು ಮಾಡಿದ್ರು ಅಂತ ತಿಳಿದ್ರ, ಮುಂದಿನ ಸಲ ನನ್ನ ದವಾಖಾನಿಗಿ ಕಳಿ‌ಸಂಗಿಲ್ಲ. ಮನ್ಯಾಗ ಹಡಿ ಅಂತಾರ. ನಮ್ಮವ್ವ ಮನ್ಯಾಗ ಹಡಿಯಾಕ ಹೋಗೇ ಸತ್ತಾಳ." ಬೇವಿನ ಗಿಡದ ಕಡೆ ನೋಡಿ, "ನಾಗಪ್ಪಂದೇ ಇರ್ಲಿ ಬಿಡ್ರಿ. ನಾ ನೀರು ಹಾಕ್ತೀನಿ," ಎಂದಳು.

ನಾನು ಕೊಡಲು ಬಂದಿದ್ದನ್ನು ಆಕೆ ಹಾಗೆಯೇ ನನಗೆ ವಾಪಸು ಕೊಟ್ಟಳು. ಬೈದಿದ್ದರೆ, ಒಂದು ಮಾತು ಶಪಿಸಿದ್ದರೆ, ಅದನ್ನು ಹಿಡಿದುಕೊಂಡು ನಾನು ಬದುಕಬಹುದಿತ್ತು.

ಅತ್ತೆ ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ತಂದಳು. ಕುಡಿದೆ. ಹೊರಡುತ್ತೇನೆಂದು ಎದ್ದಾಗ ಆಕೆ ನನ್ನ ಗಲ್ಲ ಮುಟ್ಟಿ, "ಕೂಸಿನ ಕೂಡ ರಾಯಚೂರತನ ಕುಂತು ಬಂದಾಕಿ ನೀನು. ನಿಮ್ಮಂಥವರು ಇರಬೇಕವ್ವಾ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಅಕ್ಕನ ಕಾಲಿಗಿ ಬೀಳಬೇ. ಮುಂದಿನ ಸಲ ಆಕಿ ಕೈಯಾಗ ಚಲೋ ಆಗ್ಲಿ ಅಂತ ಕೇಳ್ಕೋ."

ಬೇಡ ಎನ್ನಲು ಬಾಯಿ ತೆರೆದೆ. ಸೊಸೆ ನನ್ನನ್ನು ಒಮ್ಮೆ ನೋಡಿದಳು, ಸುಮ್ಮನಿರಿ ಎಂಬಂತೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿ, ಸಿಮೆಂಟು ತಿಂದ ಆ ಎರಡೂ ಕೈಗಳಿಂದ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ಟಂಟಂ ನಿಲ್ಲುವ ಕಡೆ ನಡೆದೆ.